ಚದುರಂಗದ ಮಣೆಯ ಮೇಲಿನ ಮಹಾಸಂಖ್ಯೆ



ಗಣಿತವೆಂದೊಡನೆ ನಮ್ಮ ಮನೆಗಳಲ್ಲಿ ಮಕ್ಕಳ ಮುಖ ಬಾಡುವುದುಂಟು. ಹಿರಿಯರೂ 'ಅದು ಶಾಲೆಯ ವಿಷಯ, ನಮಗೇಕೆ?' ಎಂದು ಬದಿಗೆ ಸರಿಸುವುದುಂಟು. ಆದರೆ ಸಂಖ್ಯೆಯೆಂಬುದು ಶಾಲೆಯ ಕರಿಹಲಗೆಯ ಮೇಲೆ ಮಾತ್ರ ಇರತಕ್ಕ ವಸ್ತುವಲ್ಲ. ಅದು ನಮ್ಮ ಕಣಜದಲ್ಲಿದೆ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿದೆ, ಸಾಲದ ಪತ್ರದಲ್ಲಿದೆ. ಅದನ್ನು ಅರಿತವನಿಗೆ ಅದು ಆಳು, ಅರಿಯದವನಿಗೆ ಅದೇ ಅರಸು. ಈ ತಿಂಗಳು ಅಂತಹ ಒಂದು ಸಂಖ್ಯೆಯ ಕಥೆಯನ್ನು ಓದುಗರ ಮುಂದಿಡಬಯಸುತ್ತೇವೆ. ಇದನ್ನು ಬರೆಯಲು ನಮಗೆ ಒಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ನಿವೇದಿಸುತ್ತೇವೆ.

ಕಳೆದ ರಜೆಯಲ್ಲಿ ನಮ್ಮ ಮೊಮ್ಮಗಳು ಚದುರಂಗದ ಮಣೆಯನ್ನು ಪಡಸಾಲೆಯಲ್ಲಿ ಹರಡಿಕೊಂಡು ಕುಳಿತಿದ್ದಳು. ಅವಳಿಗೆ ನಾವು ಹಳೆಯ ಕಥೆಯೊಂದನ್ನು ಹೇಳಿದೆವು. ಚದುರಂಗದ ಆಟವನ್ನು ಕಂಡುಹಿಡಿದ ಪಂಡಿತನೊಬ್ಬನಿಗೆ ಅರಸನು ಮೆಚ್ಚಿ, 'ಬೇಕಾದುದನ್ನು ಕೇಳು' ಎಂದನಂತೆ. ಪಂಡಿತನು, 'ಮಹಾಪ್ರಭು, ಮಣೆಯ ಮೊದಲನೆಯ ಮನೆಗೆ ಒಂದು ಗೋಧಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿಯಂತೆ ಅರವತ್ತುನಾಲ್ಕು ಮನೆಗಳನ್ನೂ ತುಂಬಿಸಿಕೊಟ್ಟರೆ ಸಾಕು' ಎಂದನು. ಅರಸನು ನಕ್ಕನು, ಇಷ್ಟು ಅಲ್ಪವನ್ನೇ ಕೇಳುವುದೆ ಎಂದು ಕೊಂಚ ಮುನಿದನು ಕೂಡ. 13ನೆಯ ಶತಮಾನದ ಅರಬ್ಬೀ ಲೇಖಕ ಇಬ್ನ್ ಖಲ್ಲಿಕಾನನು ಈ ಕಥೆಯನ್ನು ಬರೆದಿಟ್ಟಿದ್ದಾನೆ. ಅದರಲ್ಲಿ ಅರಸನೂ ಪಂಡಿತನೂ ಭಾರತದವರೇ. ಕಥೆ ಕಲ್ಪಿತವಿರಬಹುದು, ಆದರೆ ಅದರೊಳಗಿನ ಲೆಕ್ಕ ಕಲ್ಪಿತವಲ್ಲ. ಅದಕ್ಕೂ ಮೊದಲೇ, ಸುಮಾರು ಕ್ರಿ.ಶ. 1000ದಲ್ಲಿ, ಅಲ್ ಬಿರೂನಿಯೆಂಬ ವಿದ್ವಾಂಸನು ಈ ಮೊತ್ತವನ್ನು ಕೊನೆಯ ಅಂಕಿಯವರೆಗೂ ಸರಿಯಾಗಿ ಲೆಕ್ಕಹಾಕಿದ್ದನು.

ಮೊಮ್ಮಗಳು ಕಥೆಯನ್ನು ಕೇಳಿ ಸುಮ್ಮನಿರಲಿಲ್ಲ. ಅಡಿಗೆಮನೆಯಿಂದ ಗೋಧಿಯ ಡಬ್ಬಿಯನ್ನೇ ತಂದಳು. ಮೊದಲ ಸಾಲಿನ ಎಂಟು ಮನೆಗಳಿಗೆ ಒಟ್ಟು 255 ಕಾಳು ಸಾಕಾಯಿತು. ಅದು ಅಂಗೈಯ ಮೂಲೆಗೂ ಸಾಲದಷ್ಟು. ಸಾವಿರ ಗೋಧಿಕಾಳಿನ ತೂಕ ಸುಮಾರು 40 ಗ್ರಾಂ. ಆ ಲೆಕ್ಕದಲ್ಲಿ ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಎರಡೂವರೆ ಕಿಲೋಗ್ರಾಂ ದಾಟಬೇಕು. ಅಷ್ಟರೊಳಗೆ ಎಣಿಸುವುದೇ ಬೇಸರವಾಗಿ, 'ಅಜ್ಜಾ, ಇನ್ನು ಕಾಗದದ ಮೇಲೆ ಮಾಡೋಣ' ಎಂದಳು. ಕಾಗದದ ಮೇಲೆ ಮೂರನೆಯ ಸಾಲಿನ ಕೊನೆಯ ಮನೆಯೊಂದಕ್ಕೇ 83,88,608 ಕಾಳು, ಎಂದರೆ ಮೂರು ಕ್ವಿಂಟಲಿಗೂ ಹೆಚ್ಚು ಬೇಕಾಯಿತು. ಅರ್ಧ ಮಣೆ, ಅಂದರೆ 32 ಮನೆ ಮುಗಿಯುವ ಹೊತ್ತಿಗೆ ಒಟ್ಟು 4,29,49,67,295 ಕಾಳು. ತೂಕದಲ್ಲಿ ಸುಮಾರು 172 ಟನ್ನು. ಅರಸನಾದವನು ಇದಕ್ಕೆ ಹೆದರಬೇಕಾಗಿಲ್ಲ. ಹದಿನೇಳೆಂಟು ಲಾರಿಗಳ ಗೋಧಿ ಅಷ್ಟೆ. ಮಣೆಯ ಅರ್ಧ ಮುಗಿದಿದೆ, ಬೊಕ್ಕಸವಿನ್ನೂ ಭದ್ರವಾಗಿದೆ. ಮೋಸ ಅಡಗಿರುವುದು ಈ ಅರ್ಧದ ಆಚೆಗೆ.

ಇಡೀ ಮಣೆಯ ಮೊತ್ತವನ್ನು ತಿಳಿಯಲು ಅರವತ್ತುನಾಲ್ಕು ಸಂಖ್ಯೆಗಳನ್ನು ಕೂಡಿಸಬೇಕೆ? ಬೇಕಾಗಿಲ್ಲ. ನೆರೆಮನೆಯಿಂದ ಒಂದೇ ಒಂದು ಕಾಳನ್ನು ಕಡ ತನ್ನಿರಿ. ಅದನ್ನು ಮೊದಲನೆಯ ಮನೆಯ ಒಂದು ಕಾಳಿನೊಡನೆ ಸೇರಿಸಿದರೆ ಎರಡಾಯಿತು. ಆ ಎರಡನ್ನು ಎರಡನೆಯ ಮನೆಯ ಎರಡರೊಡನೆ ಸೇರಿಸಿದರೆ ನಾಲ್ಕು. ಆ ನಾಲ್ಕನ್ನು ಮೂರನೆಯ ಮನೆಯ ನಾಲ್ಕರೊಡನೆ ಸೇರಿಸಿದರೆ ಎಂಟು. ಹೀಗೆ ಮುಂದುವರಿದು ಕೊನೆಯ ಮನೆಯನ್ನು ಮುಟ್ಟಿದಾಗ ದೊರೆಯುವುದು ಎರಡನ್ನು ಅರವತ್ತುನಾಲ್ಕು ಸಲ ಗುಣಿಸಿದ ಫಲ, 2ರ 64ನೆಯ ಘಾತ. ಕಡ ತಂದ ಕಾಳನ್ನು ನೆರೆಯವರಿಗೆ ಹಿಂದಿರುಗಿಸಿದರೆ ಉಳಿಯುವುದೇ ಪಂಡಿತನ ಪಾಲು.

ಆ ಘಾತವನ್ನು ಕಂಡುಹಿಡಿಯಲೂ ಸುಲಭೋಪಾಯವಿದೆ. 2ನ್ನು ಅದರಿಂದಲೇ ಗುಣಿಸಿದರೆ 4, 4ನ್ನು ಅದರಿಂದಲೇ ಗುಣಿಸಿದರೆ 16, ಹಾಗೆಯೇ 256, ಮುಂದೆ 65,536, ಅದರ ಮುಂದೆ 4,29,49,67,296, ಮತ್ತೊಮ್ಮೆ ಗುಣಿಸಿದರೆ ನಮಗೆ ಬೇಕಾದುದು. ಆರೇ ಗುಣಾಕಾರಗಳು! ಛಂದಶ್ಶಾಸ್ತ್ರಕಾರನಾದ ಪಿಂಗಳನು ಲಘು ಗುರುಗಳಿಂದ ಎಷ್ಟು ಬಗೆಯ ಪಾದಗಳಾಗುತ್ತವೆಂಬುದನ್ನು ಎಣಿಸಲು ಹೀಗೆ ಅರ್ಧಿಸುತ್ತ ಹೋಗಿ ವರ್ಗಿಸುತ್ತ ಬರುವ ಮಾರ್ಗವನ್ನೇ ಸೂತ್ರಿಸಿದ್ದಾನೆ. ಒಂದೊಂದು ಅಕ್ಷರವೂ ಲಘುವಾಗಬಹುದು, ಇಲ್ಲವೆ ಗುರುವಾಗಬಹುದು. ಆದಕಾರಣ ಒಂದಕ್ಷರ ಹೆಚ್ಚಿದೊಡನೆ ಬಗೆಗಳು ಇಮ್ಮಡಿಸುತ್ತವೆ. ಪದ್ಯದ ಪಾದಕ್ಕೂ ಗೋಧಿಯ ಕಾಳಿಗೂ ಲೆಕ್ಕವೊಂದೇ.

ಆ ಮಹಾಸಂಖ್ಯೆ ಇದು: 1,84,46,74,40,73,70,95,51,615.

ಇಪ್ಪತ್ತು ಅಂಕಿಗಳು. ಕೋಟಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂದು ಲಕ್ಷದ ಎಂಬತ್ತುನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ. ನಮ್ಮ ನಿತ್ಯದ ಮಾತಿನಲ್ಲಿ ಇದಕ್ಕೆ ಹೆಸರಿಲ್ಲ. ಆದರೆ ಕನ್ನಡ ನಾಡಿನ ಗಣಿತಜ್ಞರೊಬ್ಬರ ಬಳಿ ಇತ್ತು. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇಪ್ಪತ್ತುನಾಲ್ಕು ಸ್ಥಾನಗಳ ಹೆಸರುಗಳಿವೆ. ಏಕ, ದಶ, ಶತ ಎಂದು ಮೊದಲಾಗಿ ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖಗಳನ್ನು ದಾಟಿ ಮಹಾಕ್ಷೋಭದವರೆಗೆ ಅದು ಸಾಗುತ್ತದೆ. ಅವರ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನ ಮಹಾಶಂಖ. ಆದುದರಿಂದ ನಮ್ಮ ಸಂಖ್ಯೆ ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ ಎಂದು ಮೊದಲಾಗುತ್ತದೆ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಳಖೇಡದ ಅರಸನ ಆಳ್ವಿಕೆಯಲ್ಲಿ ಬಾಳಿದ ವಿದ್ವಾಂಸರಿಗೆ ಪಂಡಿತನ ಗೋಧಿಯನ್ನು ಹೆಸರಿಟ್ಟು ಓದಲು ತೊಡಕಿರಲಿಲ್ಲವೆಂಬುದು ಹೆಮ್ಮೆಯ ಮಾತೇ ಸರಿ.

ಈ ಗೋಧಿಯ ತೂಕವೆಷ್ಟು? ಮೇಲಿನ ಲೆಕ್ಕದಂತೆಯೇ ಸುಮಾರು 73,787 ಕೋಟಿ ಟನ್ನು. ಇಂದು ಜಗತ್ತಿನ ಎಲ್ಲ ದೇಶಗಳೂ ಸೇರಿ ವರ್ಷಕ್ಕೆ ಬೆಳೆಯುವ ಗೋಧಿ ಸುಮಾರು 80 ಕೋಟಿ ಟನ್ನು. ಎಂದಮೇಲೆ ಇಡೀ ಭೂಮಂಡಲದ ಬೆಳೆಯನ್ನು ಒಂದು ಕಾಳೂ ಉಣ್ಣದೆ ಒಂಬೈನೂರು ವರ್ಷಗಳಿಗೂ ಮೀರಿ ಕೂಡಿಡಬೇಕು. ಅರಸನು ನಕ್ಕ ನಗೆಯ ಬೆಲೆ ಅಷ್ಟು!

ಇನ್ನು ಈ ಸಂಖ್ಯೆಯ ಒಡಲನ್ನು ನೋಡೋಣ. ಮನೆಯ ಮಕ್ಕಳು ಪೆನ್ಸಿಲು ಹಿಡಿದು ಜೊತೆಗೆ ಬರಲಿ. ಎರಡರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಮರಳಿ ಮರಳಿ ಬರುತ್ತದೆ. 64 ನಾಲ್ಕರಿಂದ ಭಾಗವಾಗುವುದರಿಂದ ಅರವತ್ತುನಾಲ್ಕನೆಯ ಘಾತ 6ರಲ್ಲಿ ಮುಗಿಯಬೇಕು. ಒಂದನ್ನು ಕಳೆದರೆ 5. ಆದ್ದರಿಂದ ನಮ್ಮ ಸಂಖ್ಯೆ 5ರಿಂದ ಭಾಗವಾಗುತ್ತದೆ. ಅಂಕಿಗಳನ್ನೆಲ್ಲ ಕೂಡಿಸಿದರೆ 87, ಅದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ, ಸಂಖ್ಯೆಯೂ ಹಾಗೆಯೇ.

ಉಳಿದ ಭಾಜಕಗಳನ್ನು ಪ್ರೌಢಶಾಲೆಯ ಒಂದು ಪಾಠವೇ ಹೊರತೆಗೆಯುತ್ತದೆ. ಎರಡು ವರ್ಗಗಳ ವ್ಯತ್ಯಾಸವು ಆ ಎರಡರ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧವೆಂಬುದನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. 2ರ 64ನೆಯ ಘಾತವು 4,29,49,67,296ರ ವರ್ಗ. ಆದಕಾರಣ ನಮ್ಮ ಸಂಖ್ಯೆಯು 4,29,49,67,297 ಮತ್ತು 4,29,49,67,295ರ ಗುಣಲಬ್ಧ. ಇವುಗಳಲ್ಲಿ ಎರಡನೆಯದು ಅರ್ಧ ಮಣೆಯ ಗೋಧಿಯೇ ಎಂಬುದನ್ನು ಓದುಗರು ಗಮನಿಸಿರಬೇಕು. ಅದನ್ನು ಮತ್ತೆ ಹಾಗೆಯೇ ಒಡೆಯಬಹುದು, ಅದರ ಕಿರಿಯ ಭಾಗವನ್ನು ಮತ್ತೊಮ್ಮೆ. ಕೊನೆಗೆ ದೊರೆಯುವುದು 3, 5, 17, 257, 65,537 ಮತ್ತು 4,29,49,67,297 ಎಂಬ ಆರು ಸಂಖ್ಯೆಗಳ ಗುಣಲಬ್ಧ.

ಈ ಆರರ ಸುತ್ತ ಯೂರೋಪಿನ ದೊಡ್ಡ ಗಣಿತಜ್ಞರ ಕಥೆಯೊಂದಿದೆ. ಫ್ರಾನ್ಸಿನ ಪಿಯೆರ್ ಫರ್ಮಾ 1640ರಲ್ಲಿ ಇವುಗಳನ್ನು ಪರಿಶೀಲಿಸಿದರು. 3, 5, 17, 257, 65,537 ಇವು ಅವಿಭಾಜ್ಯ ಸಂಖ್ಯೆಗಳು, ಅಂದರೆ ಒಂದು ಮತ್ತು ತಮ್ಮನ್ನು ಬಿಟ್ಟು ಬೇರೆ ಭಾಜಕಗಳಿಲ್ಲದವು. ಇದೇ ಕ್ರಮದಲ್ಲಿ ಮುಂದೆ ಬರುವುವೆಲ್ಲವೂ ಅವಿಭಾಜ್ಯಗಳೇ ಎಂದು ಅವರು ನಂಬಿದರು. ಅಂತಹ ಮಹಾಮೇಧಾವಿಯ ಮಾತು; ತೊಂಬತ್ತು ವರ್ಷಗಳಿಗೂ ಮೀರಿ ಅದನ್ನು ಯಾರೂ ಸುಳ್ಳೆಂದು ತೋರಿಸಲಿಲ್ಲ. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಆರನೆಯ ಸಂಖ್ಯೆಯನ್ನು ಪರೀಕ್ಷಿಸಿ, 4,29,49,67,297 ಎಂಬುದು 641 ಮತ್ತು 67,00,417ರ ಗುಣಲಬ್ಧವೆಂದು ತೋರಿಸಿಬಿಟ್ಟರು. ಈ ಸಂಖ್ಯೆಯ ಅವಿಭಾಜ್ಯ ಭಾಜಕವು 64ರಿಂದ ಭಾಗಿಸಿದಾಗ ಶೇಷ 1 ಉಳಿಯುವಂತಹದೇ ಆಗಿರಬೇಕೆಂಬುದನ್ನೂ ಅವರು ಸಾಧಿಸಿದರು. ಹಾಗೆ ಸೋಸಿದರೆ ಪರೀಕ್ಷಿಸಬೇಕಾದುವು 193, 257, 449, 577, ಆಮೇಲೆ 641. ಐದನೆಯ ಪ್ರಯತ್ನಕ್ಕೇ ಗುಟ್ಟು ಬಯಲು.

641 ಭಾಗಿಸುತ್ತದೆಂಬುದನ್ನು ದೊಡ್ಡ ಭಾಗಾಕಾರವಿಲ್ಲದೆಯೂ ಕಾಣಬಹುದು. 641 ಎಂದರೆ 640ಕ್ಕೆ 1 ಕೂಡಿದ್ದು. ಹಾಗೆಯೇ 625ಕ್ಕೆ 16 ಕೂಡಿದ್ದು. ಯಾವ ಸಂಖ್ಯೆಯ ನಾಲ್ಕನೆಯ ಘಾತದಿಂದ ಒಂದನ್ನು ಕಳೆದರೂ ಉಳಿದುದು ಆ ಸಂಖ್ಯೆಗಿಂತ ಒಂದು ಹೆಚ್ಚಾದುದರಿಂದ ಭಾಗವಾಗುತ್ತದೆ. ಆದುದರಿಂದ 640ರ ನಾಲ್ಕನೆಯ ಘಾತದಲ್ಲಿ ಒಂದು ಕಳೆದರೆ 641ರಿಂದ ಭಾಗವಾಗಲೇಬೇಕು. 640 ಎಂಬುದು 5 ಮತ್ತು 128ರ ಗುಣಲಬ್ಧವಾದ್ದರಿಂದ ಅದರ ನಾಲ್ಕನೆಯ ಘಾತವು 625 ಮತ್ತು 2ರ 28ನೆಯ ಘಾತದ ಗುಣಲಬ್ಧ. ಇನ್ನು 641ನ್ನೇ 2ರ 28ನೆಯ ಘಾತದಿಂದ ಗುಣಿಸಿರಿ. ಅದರಲ್ಲಿ ಇದೇ ಗುಣಲಬ್ಧವೂ, 16ರ ಪಾಲಿನಿಂದ 2ರ 32ನೆಯ ಘಾತವೂ ಇರುತ್ತವೆ. ಇದರಿಂದ ಮೊದಲಿನದನ್ನು ಕಳೆದರೆ ಉಳಿಯುವುದು 2ರ 32ನೆಯ ಘಾತಕ್ಕೆ 1 ಕೂಡಿದ್ದು, ಅಂದರೆ 4,29,49,67,297. ಎರಡೂ 641ರಿಂದ ಭಾಗವಾಗುವಾಗ ಅವುಗಳ ವ್ಯತ್ಯಾಸವೂ ಭಾಗವಾಗದೆ ಹೋದೀತೆ?

ಹೀಗೆ ಪಂಡಿತನ ಸಂಖ್ಯೆಯು 3, 5, 17, 257, 641, 65,537, 67,00,417 ಎಂಬ ಏಳು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧ. ಏಳರಲ್ಲಿ ಪ್ರತಿಯೊಂದನ್ನೂ ಆರಿಸಬಹುದು, ಬಿಡಬಹುದು. ಆದಕಾರಣ ಅದರ ಒಟ್ಟು ಭಾಜಕಗಳು ಏಳು ಸಲ ಇಮ್ಮಡಿಸಿದಷ್ಟು, ಎಂದರೆ 128. ಇಮ್ಮಡಿಯಿಂದ ಹುಟ್ಟಿದ ಸಂಖ್ಯೆಯ ಭಾಜಕಗಳನ್ನು ಎಣಿಸಲೂ ಇಮ್ಮಡಿಯೇ ಬಂದಿತು. ಫರ್ಮಾ ಅವರ ಕ್ರಮದಲ್ಲಿ ಮೊದಲ ಐದನ್ನು ಬಿಟ್ಟು ಮತ್ತೊಂದು ಅವಿಭಾಜ್ಯವು ಈವರೆಗೆ ಯಾರಿಗೂ ದೊರೆತಿಲ್ಲ. 1796ರಲ್ಲಿ ಇನ್ನೂ ಹತ್ತೊಂಬತ್ತು ತುಂಬದ ಗೌಸ್ ಎಂಬ ಜರ್ಮನ್ ತರುಣ, ಅಳತೆಯಿಲ್ಲದ ಪಟ್ಟಿ ಮತ್ತು ಕೈವಾರ ಇವೆರಡರಿಂದಲೇ 17 ಭುಜಗಳ ಸಮಬಹುಭುಜವನ್ನು ರಚಿಸಬಹುದೆಂದು ತೋರಿಸಿದಾಗ ಇದೇ ಸಂಖ್ಯೆಗಳು ಮತ್ತೆ ಮುಂದೆ ಬಂದುವು. ಆ ಐದನ್ನೂ ಗುಣಿಸಿದರೆ ಬರುವುದು ಅರ್ಧ ಮಣೆಯ 4,29,49,67,295. ಪಟ್ಟಿ ಕೈವಾರಗಳಿಂದ ರಚಿಸಬಲ್ಲ ಬೆಸ ಭುಜಗಳ ಸಮಬಹುಭುಜಗಳಲ್ಲಿ ಇಂದಿಗೆ ತಿಳಿದಿರುವ ಅತಿ ದೊಡ್ಡದರ ಭುಜಸಂಖ್ಯೆ ಅದೇ.

ಈ ಸಂಖ್ಯೆಯನ್ನು ಕುರಿತು ಇನ್ನೊಂದು ಕಥೆಯೂ ಪ್ರಚಾರದಲ್ಲಿದೆ. ಕಾಶಿಯ ಗುಡಿಯೊಂದರಲ್ಲಿ ಅರ್ಚಕರು ಅರವತ್ತುನಾಲ್ಕು ಚಿನ್ನದ ಬಿಲ್ಲೆಗಳನ್ನು ಒಂದು ಕಡ್ಡಿಯಿಂದ ಮತ್ತೊಂದಕ್ಕೆ ಸಾಗಿಸುತ್ತಿದ್ದಾರೆ, ಆ ಕೆಲಸ ಮುಗಿದಂದು ಪ್ರಳಯವಾಗುವುದು ಎಂದು. ಇದನ್ನು ಕೇಳಿ ಯಾರೂ ಕಾಶಿಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ. 1883ರಲ್ಲಿ ಎದುವಾರ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞರು ಹೊರತಂದ ಆಟಿಕೆಯೊಂದಕ್ಕೆ ಮೆರುಗು ಕೊಡಲು ಹೆಣೆದ ಕಥೆಯದು. ಆದರೆ ದೊಡ್ಡ ಬಿಲ್ಲೆಯನ್ನು ಚಿಕ್ಕದರ ಮೇಲೆ ಇಡಕೂಡದೆಂಬ ಆ ಆಟದ ನಿಯಮದಂತೆ ಬೇಕಾಗುವ ಕನಿಷ್ಠ ನಡೆಗಳು ನಮ್ಮ ಸಂಖ್ಯೆಯಷ್ಟೇ. ಕ್ಷಣಕ್ಕೊಂದು ನಡೆಯಂತೆ ಆಡಿದರೂ ಸುಮಾರು 58,450 ಕೋಟಿ ವರ್ಷ ಹಿಡಿಯುತ್ತದೆ. ಈ ವಿಶ್ವದ ವಯಸ್ಸು ವಿಜ್ಞಾನಿಗಳ ಲೆಕ್ಕದಂತೆ ಸುಮಾರು 1,380 ಕೋಟಿ ವರ್ಷ. ಇಂದಿನ ಗಣಕಯಂತ್ರಗಳಿಗೂ ಈ ಸಂಖ್ಯೆ ಪರಿಚಿತ. ಸೊನ್ನೆ ಒಂದುಗಳ ಅರವತ್ತುನಾಲ್ಕು ಸ್ಥಾನಗಳಲ್ಲಿ ಬರೆಯಬಲ್ಲ ಅತಿ ದೊಡ್ಡ ಪೂರ್ಣಾಂಕ ಇದೇ.

ಇಷ್ಟೆಲ್ಲ ಬರೆದ ಕಾರಣವನ್ನು ಈಗ ಹೇಳಬೇಕು. ಮೊಮ್ಮಗಳು ಮಣೆಯ ಮುಂದೆ ಕುಳಿತಿದ್ದ ಸಂಜೆಯೇ ನಮ್ಮ ಬಂಧುವೊಬ್ಬರು ಬಂದರು. ವರಸೆಯಲ್ಲಿ ನಮಗೆ ಅಳಿಯ. ಕೈಯಲ್ಲೊಂದು ಬಣ್ಣದ ಪತ್ರವಿತ್ತು. 'ಮಾವಾರ, ನಾಲ್ಕು ಸಾವಿರ ರೂಪಾಯಿ ಕಟ್ಟಿ ಸೇರಬೇಕು, ಇಬ್ಬರನ್ನು ಸೇರಿಸಬೇಕು. ಅವರು ತಲಾ ಇಬ್ಬರನ್ನು ಸೇರಿಸುತ್ತಾರೆ. ನಿಮ್ಮ ಕೆಳಗೆ ಮೂರು ಸಾಲು ತುಂಬಿದರೆ ಹಣ ಹಲವು ಪಟ್ಟಾಗಿ ಬರುತ್ತದೆ. ಅಕ್ಕನನ್ನೂ ಸೇರಿಸಬೇಕೆಂದಿದ್ದೇನೆ' ಎಂದರು. ಅವರ ಅಕ್ಕ ಪತಿಯನ್ನು ಕಳೆದುಕೊಂಡು ಹೊಲಿಗೆಯಿಂದ ಜೀವನ ಸಾಗಿಸುತ್ತಿರುವ ತಾಯಿ. ನಾವು ಉತ್ತರ ಕೊಡುವ ಮೊದಲೇ ಮೊಮ್ಮಗಳು, 'ಮಾಮಾ, ಇದು ನನ್ನ ಗೋಧಿಯ ಲೆಕ್ಕವೇ ಅಲ್ಲವೇ?' ಎಂದಳು.

ಹೌದು, ಅದೇ ಲೆಕ್ಕ. ಮೇಲೆ ಒಬ್ಬರು, ಕೆಳಗೆ ಇಬ್ಬರು, ಆಮೇಲೆ ನಾಲ್ವರು. ಹತ್ತು ಸಾಲು ತುಂಬಿದಾಗ ಒಟ್ಟು 1,023 ಜನ. ತಮ್ಮ ಕೆಳಗೆ ಮೂರು ಸಾಲು ತುಂಬಿರುವವರು ಮೇಲಿನ ಏಳು ಸಾಲಿನ 127 ಜನ ಮಾತ್ರ. ಉಳಿದ 896 ಜನ ಹಣ ಕಟ್ಟಿ ಕಾಯುತ್ತಿರುವವರು. ಸಾಲುಗಳು ಇನ್ನೂ ಬೆಳೆದರೆ ಅವರ ಗತಿ ಸುಧಾರಿಸಬಹುದು, ಆದರೆ ಅವರ ಕೆಳಗೆ ಎಂಟು ಪಟ್ಟು ಹೊಸಬರು ಅದೇ ಗತಿಗೆ ಬಂದಿರುತ್ತಾರೆ. ಚದುರಂಗದ ಮಣೆಯಲ್ಲಿ ಯಾವ ಮನೆಯ ಕಾಳನ್ನು ನೋಡಿದರೂ ಅದು ಹಿಂದಿನ ಎಲ್ಲ ಮನೆಗಳ ಮೊತ್ತಕ್ಕಿಂತ ಒಂದು ಹೆಚ್ಚು. ಹಾಗೆಯೇ ಇಲ್ಲಿಯೂ ಕೊನೆಯ ಸಾಲಿನವರು ಮೇಲಿನ ಎಲ್ಲರಿಗಿಂತ ಸದಾ ಹೆಚ್ಚು. ಎಲ್ಲಿ ನಿಂತರೂ ಎಂಟರಲ್ಲಿ ಏಳು ಪಾಲು ಜನ ಕಳೆದುಕೊಂಡವರೇ. ಇದು ಯಾರದೋ ದುರದೃಷ್ಟವಲ್ಲ, ಸಂಖ್ಯೆಯ ಸ್ವಭಾವ. 26 ಸಾಲು ತುಂಬಲು 6,71,08,863 ಜನ ಬೇಕು. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆ 6,10,95,297. 33 ಸಾಲಿಗೆ ಭೂಮಿಯ ಮೇಲಿನ ಮನುಷ್ಯರೆಲ್ಲರೂ ಸಾಲರು. ಇಂತಹ ಹಣ ಚಲಾವಣೆಯ ಯೋಜನೆಗಳನ್ನು 1978ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ.

ಅಳಿಯನವರು ಪತ್ರವನ್ನು ಮಡಿಸಿ ಜೇಬಿಗಿಟ್ಟರು. ಆಗ ನಾವೂ ಒಂದು ಮಾತನ್ನು ಅವರಿಗೆ ಹೇಳಬೇಕಾಯಿತು, ಇಲ್ಲಿಯೂ ಮರೆಮಾಚುವುದಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಇಂತಹುದೇ ಒಂದು ಸರಪಣಿಗೆ ನಾವೂ ಸೇರಿದ್ದೆವು. ನಮ್ಮ ಹಣ ಹೋಯಿತೆಂಬುದು ದೊಡ್ಡ ಮಾತಲ್ಲ. ನಮ್ಮ ಮಾತನ್ನು ನಂಬಿ ಸೇರಿದ ಇಬ್ಬರು ಗೆಳೆಯರಲ್ಲಿ ಒಬ್ಬರು ಮಗಳ ಲಗ್ನಕ್ಕೆಂದು ಕೂಡಿಟ್ಟ ಹಣವನ್ನು ಕಟ್ಟಿದ್ದರು. ಆ ಹಣವನ್ನು ನಾವು ಕಂತುಕಂತಾಗಿ ತೀರಿಸಿದೆವು. ಆದರೆ ಅವರ ಮನೆಯ ಹೊಸ್ತಿಲನ್ನು ಮೊದಲಿನಂತೆ ತುಳಿಯಲು ಇಂದಿಗೂ ನಮಗೆ ಸಂಕೋಚ. ಆಗಲೂ ಗೋಧಿಯ ಕಥೆ ನಮಗೆ ಗೊತ್ತಿತ್ತು. ಕಥೆ ಗೊತ್ತಿರುವುದು ಬೇರೆ, ಲೆಕ್ಕ ಮಾಡಿ ನೋಡುವುದು ಬೇರೆ. ಕಾಯಕವಿಲ್ಲದೆ ಇಮ್ಮಡಿಸುತ್ತೇನೆನ್ನುವ ಹಣದ ಮುಂದೆ ಹತ್ತು ನಿಮಿಷ ಪೆನ್ಸಿಲು ಹಿಡಿದು ಕುಳಿತಿದ್ದರೆ ಒಬ್ಬ ಗೆಳೆಯನನ್ನು ಉಳಿಸಿಕೊಳ್ಳುತ್ತಿದ್ದೆವು.

ಸಾಲದ ಬಡ್ಡಿಯೂ ಇದೇ ಮಣೆಯ ಮೇಲೆ ನಡೆಯುತ್ತದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಚಕ್ರಬಡ್ಡಿ ತೀರಿಸದೆ ಬಿಟ್ಟರೆ ಎರಡು ವರ್ಷಕ್ಕೆ ಅಸಲನ್ನು ಇಮ್ಮಡಿಸುತ್ತದೆ. ಇಪ್ಪತ್ತು ವರ್ಷದಲ್ಲಿ ಹತ್ತು ಮನೆ ದಾಟಿ ಸಾವಿರ ಪಟ್ಟು ಮೀರುತ್ತದೆ. ಹತ್ತು ಸಾವಿರದ ಸಾಲ ಕೋಟಿಯಾಗುತ್ತದೆ. ವರ್ಷಕ್ಕೆ ನೂರಕ್ಕೆ ಏಳರಂತೆ ಬ್ಯಾಂಕಿನಲ್ಲಿಟ್ಟ ಉಳಿತಾಯವು ಇಮ್ಮಡಿಸಲು ಸುಮಾರು ಹತ್ತು ವರ್ಷ ಬೇಕು. ಬಡ್ಡಿಯ ದರದಿಂದ 72ನ್ನು ಭಾಗಿಸಿದರೆ ಇಮ್ಮಡಿಸುವ ಕಾಲ ಹೆಚ್ಚುಕಡಮೆ ತಿಳಿಯುತ್ತದೆ. ಈ ಒಂದು ಸೂತ್ರವನ್ನು ಮನೆಯ ಪ್ರತಿಯೊಬ್ಬರೂ ನೆನಪಿಡಲಿ.

ಮೊದಲ ಅರ್ಧ ಮಣೆಯಲ್ಲಿ ಅರಸನು ನಕ್ಕನು. ನಮ್ಮನ್ನು ಮೋಸಗೊಳಿಸುವುದು ಸದಾ ಆ ಮೊದಲ ಅರ್ಧವೇ. ಮೊದಲು ಸೇರಿದ ನಾಲ್ವರಿಗೆ ಹಣ ಬಂದದ್ದು ಕಣ್ಣಿಗೆ ಕಾಣುತ್ತದೆ, ಕೊನೆಯ ಸಾಲು ಕಾಣುವುದಿಲ್ಲ. ಫರ್ಮಾ ಅವರಂತಹವರ ಮಾತನ್ನೂ ಆಯ್ಲರ್ ಪರೀಕ್ಷಿಸದೆ ಒಪ್ಪಲಿಲ್ಲ. ಬಣ್ಣದ ಪತ್ರವನ್ನು ತಂದವರು ಬಂಧುಗಳೇ ಆಗಿರಲಿ, ಗೌರವಸ್ಥರೇ ಆಗಿರಲಿ, ಅವರನ್ನು ಆದರದಿಂದ ಕೂಡಿಸಿ, ಉಪಚರಿಸಿ, ಆ ಬಳಿಕ ಮನೆಯ ಮಗುವಿನ ಕೈಗೆ ಪೆನ್ಸಿಲು ಕೊಡಿರಿ.

ಅಳಿಯನವರ ಅಕ್ಕ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಆ ನಾಲ್ಕು ಸಾವಿರಕ್ಕೆ ಇನ್ನಷ್ಟು ಸೇರಿಸಿ ಹೊಲಿಗೆಯ ಯಂತ್ರಕ್ಕೆ ಮೋಟಾರು ಹಾಕಿಸಿದ್ದಾರಂತೆ. ಮೊಮ್ಮಗಳಿಗೆ ಒಂದು ಲಂಗ ಹೊಲಿದು ತಂದಿದ್ದರು.